ಬೇಡವೆನ್ನುವ ಬಗೆ

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಶೆಟ್ಟಿಕೊಪ್ಪವೆಂಬ ಊರಿದೆ. ಆ ಸೀಮೆಯಲ್ಲಿ ಯಾವ ಮನೆಯ ಜಗಲಿಯನ್ನೇರಿದರೂ ಕಾಫಿಯ ಮಾತು ಬರದೆ ಇರದು. ಬಂದವರು "ಬ್ಯಾಡ, ಈಗಷ್ಟೇ ಕುಡಿದು ಬಂದೆ" ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಲೋಟ ಅವರ ಕೈಯಲ್ಲಿರುತ್ತದೆ. ಆದರೆ "ನಾಳೆ ಶೃಂಗೇರಿಗೆ ಹೋಗಿಬರೋಣವೇ?" ಎಂಬ ಸಲಹೆಗೆ "ನೋಡೋಣ ಮಾರಾಯ" ಎಂಬ ಉತ್ತರ ಬಂದರೆ, ಕೇಳಿದವನು ಬೇರೊಬ್ಬ ಜೊತೆಗಾರನನ್ನು ಹುಡುಕಿಕೊಳ್ಳುವುದೇ ಲೇಸು. ಮೊದಲನೆಯದರಲ್ಲಿ 'ಬೇಡ'ವೆಂಬ ಪದವಿದ್ದರೂ ನಿರಾಕರಣೆ ಪೂರ್ಣವಾಗಿಲ್ಲ. ಎರಡನೆಯದರಲ್ಲಿ ಆ ಪದವಿಲ್ಲದೆಯೇ ಅದು ಮುಗಿದುಹೋಗಿದೆ. ಇದು ಹೇಗೆ ಸಾಧ್ಯವೆಂಬುದನ್ನು ನಾವು ವಿಚಾರಮಾಡೋಣ.

ಇಂಗ್ಲಿಷಿನ 'ನೋ', ಜರ್ಮನಿನ 'ನೈನ್' ಇವುಗಳಂತೆ ಎಲ್ಲ ಕಡೆಗೂ ಸಲ್ಲುವ ಒಂದೇ ನಿಷೇಧಪದ ನಮ್ಮಲ್ಲಿಲ್ಲ. ವಸ್ತುವಿನ ಅಭಾವಕ್ಕೆ 'ಇಲ್ಲ', ಅದು ಬೇರೆಯೆನ್ನಲು 'ಅಲ್ಲ', ಇಚ್ಛೆಯ ಅಭಾವಕ್ಕೆ 'ಬೇಡ'. ಇನ್ನೊಂದು 'ಒಲ್ಲೆ'. ಇದರ ರಚನೆ ಬಹು ಸ್ವಾರಸ್ಯವಾದುದು. 'ಮಾಡುವೆನು' ಎಂಬುದರಿಂದ ಕಾಲಸೂಚಕವಾದ 'ವ'ಕಾರವನ್ನು ತೆಗೆದು, ಧಾತುವಿಗೆ ನೇರವಾಗಿ ಪುರುಷಪ್ರತ್ಯಯವನ್ನು ಸೇರಿಸಿದರೆ 'ಮಾಡೆನು' ಆಗುತ್ತದೆ, ಅರ್ಥ ತಲೆಕೆಳಗಾಗುತ್ತದೆ! ಏನನ್ನೂ ಕೂಡಿಸದೆ, ಇದ್ದುದನ್ನು ಕಳೆದು ನಿಷೇಧವನ್ನು ಪಡೆಯುವ ಈ ಕ್ರಮ ದ್ರಾವಿಡ ಭಾಷೆಗಳ ಒಂದು ವೈಶಿಷ್ಟ್ಯ. 'ಅರಿಯೆ', 'ಒಲ್ಲೆ' ಇವು ಆ ಬಗೆಯವೇ. ಜರ್ಮನಿಯಲ್ಲಿ ಹುಟ್ಟಿ, ಕನ್ನಡಕ್ಕೆ 1894ರಲ್ಲಿ ಮಹಾನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಕೊಟ್ಟ ಫರ್ಡಿನೆಂಡ್ ಕಿಟ್ಟೆಲರಂಥವರಿಗೆ ಈ ರೂಪಗಳು ಎಷ್ಟು ಹೊಸದಾಗಿ ತೋರಿದ್ದಿರಬೇಕು!

'ಒಲ್ಲೆ' ಎಂಬಲ್ಲಿ 'ನಾನು' ಅಡಗಿದ್ದಾನೆ, ಒಲ್ಲದವನು ನಾನೇ. 'ನನಗೆ ಬೇಡ' ಎಂಬಲ್ಲಿ ಕರ್ತೃವೇ ಇಲ್ಲ. ಬೇಡವಾದುದು ವಸ್ತು, ನಾನು ಬರಿಯ ಚತುರ್ಥೀ ವಿಭಕ್ತಿ. ಧಾರವಾಡದ ಕಡೆ 'ನಾ ಒಲ್ಲೆ' ಸಹಜವಾದ ಮನೆಮಾತು. ಮಲೆನಾಡಿನ ಕಿವಿಗೆ ಅದು ಕೊಂಚ ಬಿರುಸಾಗಿ ಕೇಳಿಸುತ್ತದೆ. 'ಪುರಸೊತ್ತಿಲ್ಲ', 'ಮನಸ್ಸಿಲ್ಲ', 'ಆಗಲಿಕ್ಕಿಲ್ಲ' ಇವುಗಳಲ್ಲಿಯೂ ಹೊಣೆ ಆಡುವವನ ಮೇಲಿಲ್ಲ. ಕಾಲದ ಮೇಲೋ ಮನಸ್ಸಿನ ಮೇಲೋ ಇದೆ.

ಪದಗಳಿಗಿಂತ ಮೊದಲೇ ಮೌನವೂ ಮಾತನಾಡುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು ನೋಡಿದರು. ಪ್ರಶ್ನೆಗೂ ಉತ್ತರಕ್ಕೂ ನಡುವಣ ಸರಾಸರಿ ಅಂತರ ಸುಮಾರು ಸೆಕೆಂಡಿನ ಐದರಲ್ಲೊಂದು ಪಾಲು. ಹೌದೆನ್ನುವ ಉತ್ತರಗಳು ಬೇಗ ಬಂದವು, ಅಲ್ಲವೆನ್ನುವವು ತಡವಾಗಿ ಬಂದವು. ಆ ಹತ್ತರಲ್ಲಿ ಕನ್ನಡವಿರಲಿಲ್ಲ. ಆದರೂ 'ನೋಡೋಣ'ಕ್ಕೆ ಮುಂಚಿನ ಆ ಚಿಕ್ಕ ತಡವನ್ನು ವಾಚಕರು ತಾವೇ ಗಮನಿಸಬಹುದು.

ಜರ್ಮನರು ನೇರವಾಗಿ ಮಾತನಾಡುವವರೆಂಬ ಪ್ರತೀತಿಯುಂಟು. ಅವರ ಆಡುಮಾತನ್ನು ನೋಡಿದರೆ ಅದು ಅರ್ಧಸತ್ಯವೆನಿಸುತ್ತದೆ. 'ನೈನ್' ಎಂಬುದು ಗೆಳೆಯರಲ್ಲಿ 'ನೇ' ಎಂದು ಮೆತ್ತಗಾಗುತ್ತದೆ. 'ಲಾಸ್ ಮಾಲ್' ಎಂದರೆ ನಮ್ಮ 'ಇರಲಿ ಬಿಡು'. 'ಕೈನೆ ಲುಸ್ಟ್' ಎಂದರೆ 'ಮನಸ್ಸಿಲ್ಲ'. 'ಮಾಲ್ ಜೇಯನ್' ಎಂಬುದಂತೂ 'ನೋಡೋಣ'ವೇ ಸರಿ.

ವ್ಯತ್ಯಾಸ ಬೇರೆ ಕಡೆ ಇದೆ. ನಮ್ಮ ಮೊದಲನೆಯ 'ಬೇಡ' ಸಂಕೋಚದ್ದೆಂದು ಎಣಿಸಿ ಮನೆಯವರು ಮತ್ತೆ ಕೇಳುತ್ತಾರೆ; ಅಲ್ಲಿ ಸಾಮಾನ್ಯವಾಗಿ ಅದನ್ನೇ ಕೊನೆಯ ಮಾತೆಂದು ಗೌರವಿಸುತ್ತಾರೆ. ಇನ್ನೂ ಒಂದು ತೊಡಕುಂಟು. 'ಡಾಂಕೆ' ಎಂದರೆ 'ವಂದನೆ' ಎಂದು ಪುಸ್ತಕದಲ್ಲಿ ಕಲಿತು ಅಲ್ಲಿಗೆ ಹೋದ ವಿದ್ಯಾರ್ಥಿ, "ಕಾಫಿ?" ಎಂದು ಕೇಳಿದಾಗ ವಿನಯದಿಂದ 'ಡಾಂಕೆ' ಎಂದಷ್ಟೇ ಹೇಳಿದರೆ, ಅದು 'ಬೇಡ' ಎಂಬ ಅರ್ಥವನ್ನೇ ಕೊಡುವುದು ರೂಢಿ. ಕಾಫಿ ಬೇಕಾದವನು 'ಯಾ, ಗೆರ್ನೆ', ಅಂದರೆ 'ಹೌದು, ಸಂತೋಷದಿಂದ' ಎನ್ನಬೇಕು. ಅದನ್ನೂ ಮೊದಲನೆಯ ಸಲ ಕೇಳಿದಾಗಲೇ.