‘ವಿತ್’ ಎಂಬ ಚಿಕ್ಕ ಪದದ ದೊಡ್ಡ ಸಂಸಾರ

ಇಂಗ್ಲಿಷ್ ಓದುವ ನಮ್ಮ ಮಕ್ಕಳು ‘ವಿತ್’ ಪದಕ್ಕೆ ‘ಒಂದಿಗೆ’ ಎಂಬ ಒಂದೇ ಅರ್ಥವನ್ನು ಕಂಠಪಾಠ ಮಾಡಿಕೊಂಡು, ‘ಚಾಕುವಿನೊಂದಿಗೆ ಹಣ್ಣು ಕೊಯ್ದೆನು’ ಎಂದು ಕನ್ನಡದಲ್ಲಿ ಬರೆಯತೊಡಗಿದ್ದಾರೆ. ಚಾಕುವೂ ಜೊತೆಗೂಡಿ ಕೊಯ್ಯಿತೇ ಎಂದು ನಾವು ಕೇಳಬೇಕಾಗುತ್ತದೆ.

ಉಪಕರಣಕ್ಕೆ ತೃತೀಯಾ ವಿಭಕ್ತಿಯ ‘ಇಂದ’, ಸಂಗಡಿಗನಿಗೆ ‘ಒಡನೆ’, ‘ಸಂಗಡ’ ಎಂದು ಕನ್ನಡವು ಇವೆರಡನ್ನೂ ಬೇರ್ಪಡಿಸಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತೃತೀಯೆಗೆ ಹೇಳಿದ ‘ಇಮ್’ ಈ ‘ಇಂದ’ದ ಹಿರಿಯ ಬಂಧು. ಸಂಸ್ಕೃತದಲ್ಲಾದರೋ ಕಡಿಯುವ ಕೊಡಲಿಗೂ ತೃತೀಯೆಯೇ, ಜೊತೆಗೆ ಬಂದ ಮಗನಿಗೂ ತೃತೀಯೆಯೇ. ಇಂಗ್ಲಿಷಿನ ‘ವಿತ್’ ಆ ಹಾದಿಯದು.

ಅದರ ಪೂರ್ವಾಶ್ರಮ ಇನ್ನೂ ಕೌತುಕದ್ದು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ವಿತ್’ ಎಂದರೆ ಮುಖ್ಯವಾಗಿ ‘ಎದುರಾಗಿ’, ‘ವಿರುದ್ಧವಾಗಿ’ ಎಂದರ್ಥ. ಜೊತೆಯೆಂಬ ಅರ್ಥಕ್ಕೆ ‘ಮಿಡ್’ ಎಂಬ ಬೇರೆಯೇ ಪದವಿದ್ದಿತು. ಜರ್ಮನ್ ಭಾಷೆಯ ‘ಮಿಟ್’ ಅದರ ಸೋದರ. ಕಾಲಕ್ರಮದಲ್ಲಿ ಎದುರಾಳಿಯೇ ಜೊತೆಗಾರನ ಮನೆಯನ್ನು ಹೊಕ್ಕು ಕುಳಿತನು. ಹಳೆಯ ‘ಮಿಡ್’ ಇಂದು ಸೂಲಗಿತ್ತಿಯ ಹೆಸರಾದ ‘ಮಿಡ್‌ವೈಫ್’ನಲ್ಲಿ, ಅಂದರೆ ಹೆರುವವಳ ಜೊತೆಗಿರುವ ಹೆಂಗಸು ಎಂಬಲ್ಲಿ, ಉಳಿದುಕೊಂಡಿದೆ. ಹಳೆಯ ವಿರೋಧವು ‘ವಿತ್‌ಸ್ಟ್ಯಾಂಡ್’, ಎಂದರೆ ಎದುರಿಸಿ ನಿಲ್ಲು, ಎಂಬುದರಲ್ಲಿ ಜೀವಂತವಾಗಿದೆ. ನಮ್ಮ ‘ಒಡನೆ’ಯೂ ಈ ವಿಷಯದಲ್ಲಿ ಸಾಧುವೇನಲ್ಲ: ಮಿತ್ರನೊಡನೆ ಉಣ್ಣುತ್ತೇವೆ, ಶತ್ರುವಿನೊಡನೆ ಕಾದುತ್ತೇವೆ.

ಆದುದರಿಂದ ತಾಯಂದಿರು ಮಕ್ಕಳಿಗೆ ಪದವನ್ನಲ್ಲ, ವಾಕ್ಯವನ್ನು ಕಲಿಸಬೇಕು. ‘ವಿತ್ ಜಾಯ್’ ಎಂಬುದು ಸಂತೋಷದಿಂದ; ‘ವಿತ್ ಫೀವರ್’ ನಡುಗಿದವನು ಜ್ವರದಿಂದ ನಡುಗಿದನೇ ಹೊರತು ಜ್ವರದೊಂದಿಗಲ್ಲ. ‘ಎ ಗರ್ಲ್ ವಿತ್ ಲಾಂಗ್ ಹೇರ್’ ಎಂಬಲ್ಲಿ ಕನ್ನಡಕ್ಕೆ ‘ಇಂದ’ವೂ ಬೇಡ, ‘ಒಡನೆ’ಯೂ ಬೇಡ, ನೀಳಗೂದಲಿನ ಹುಡುಗಿ ಎಂದರೆ ಸಾಕು.