ಮೊಬೈಲ್ ಜಾಹೀರಾತು: ಗಿರಾಕಿಯನ್ನು ನೇರವಾಗಿ ಆ್ಯಪ್ ಅಂಗಡಿಗೆ ಕಳುಹಿಸಬೇಕೇ?



ಕಾಫಿಪುಡಿ, ಮೆಣಸು, ಅಡಿಕೆಗಳನ್ನು ಬೆಳೆಗಾರರ ಸಂಘವೇ ಮೊಬೈಲ್ ಮೂಲಕ ಪಟ್ಟಣದ ಗಿರಾಕಿಗೆ ಮಾರಬೇಕೆಂಬ ಮಾತು ಈಗ ರಾವಂದೂರು, ಬೆಟ್ಟದಪುರದ ಕಡೆಯೂ ಕೇಳಿಬರುತ್ತಿದೆ. ಒಂದು ಆ್ಯಪ್ ಮಾಡಿಸಿ, ಫೋನಿನಲ್ಲಿ ಜಾಹೀರಾತು ಕೊಟ್ಟು, ಅದನ್ನು ಒತ್ತಿದವರನ್ನು ನೇರವಾಗಿ ಪ್ಲೇ ಸ್ಟೋರಿಗೆ ಕಳುಹಿಸಿದರೆ ಸಾಕೆಂಬುದು ಹಲವರ ಸಲಹೆ. ಜಾಹೀರಾತಿಗೆ ಸುರಿಯುವ ಹಣ ಕೊನೆಗೆ ಸದಸ್ಯರ ಬೋನಸ್ಸಿನಿಂದಲೇ ಕಡಿತವಾಗುವುದರಿಂದ ಈ ಸಲಹೆಯನ್ನು ತೂಗಿ ನೋಡುವುದು ಅಗತ್ಯ.

ಮೊದಲು ಇದು ನಡೆಯುವ ಬಗೆಯನ್ನು ತಿಳಿಯೋಣ. ಸಾಮಾನ್ಯವಾಗಿ ಜಾಹೀರಾತನ್ನು ಒಬ್ಬರು ಒತ್ತಿದೊಡನೆ ನಮ್ಮ ಲೆಕ್ಕಕ್ಕೆ ಖರ್ಚು ಬೀಳುತ್ತದೆ. ಪ್ಲೇ ಸ್ಟೋರಿನಲ್ಲಿ ಅವರಿಗೆ ಕಾಣುವುದು ಆ್ಯಪಿನ ಹೆಸರು, ಕೆಲವು ಚಿತ್ರ, ನಕ್ಷತ್ರಗಳ ಗುರುತು, ಬಳಸಿದವರ ಅಭಿಪ್ರಾಯ. ಆಮೇಲೆ ಅದನ್ನು ಇಳಿಸಿಕೊಳ್ಳಬೇಕು, ತೆರೆಯಬೇಕು, ಫೋನ್ ನಂಬರು, ಓಟಿಪಿ, ವಿಳಾಸ ಕೊಡಬೇಕು. ಅರ್ಧ ಕೆಜಿ ಪುಡಿ ತರಿಸಲು ಇಷ್ಟೆಲ್ಲಾ! ಒಂದೊಂದು ಮೆಟ್ಟಿಲಿನಲ್ಲೂ ಕೆಲವರು ಹಿಂದಿರುಗುತ್ತಾರೆ. ಐದಾರು ಕೆಜಿ ಅರೇಬಿಕಾ ಹಣ್ಣಿಗೆ ಒಂದು ಕೆಜಿ ಕ್ಲೀನ್ ಕಾಫಿ ಸಿಗುವುದೆಂದು ಬಲ್ಲ ನಾವು ಜಾಹೀರಾತನ್ನೂ ಔಟ್‌ಟರ್ನ್‌ನಿಂದಲೇ ಅಳೆಯಬೇಕು.

ಇದರಲ್ಲಿ ನಮ್ಮ ರಾಜ್ಯದ್ದೇ ದೃಷ್ಟಾಂತವಿದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ 2015ರಲ್ಲಿ ತನ್ನ ಮೊಬೈಲ್ ಜಾಲತಾಣವನ್ನು ಮುಚ್ಚಿ, ಬಂದವರನ್ನೆಲ್ಲಾ ಆ್ಯಪಿನ ಕಡೆಗೆ ತಿರುಗಿಸಿತು. ಅದೇ ವರ್ಷ ನವೆಂಬರಿನಲ್ಲಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹೆಸರಿನಲ್ಲಿ ಹಗುರವಾದ ತಾಣವನ್ನು ಪುನಃ ತೆರೆಯಿತು. ಅದಕ್ಕೆ ಸೇರಿದ ಮಿಂತ್ರಾ 2015ರ ಮೇ 15ರಿಂದ ಆ್ಯಪಿನಲ್ಲಿ ಮಾತ್ರ ವ್ಯಾಪಾರವೆಂದು ಸಾರಿ, 2016ರ ಜೂನ್ 1ರಂದು ಕಂಪ್ಯೂಟರಿನ ತಾಣಕ್ಕೆ ಮರಳಿತು. ಅಷ್ಟು ದೊಡ್ಡ ಹೆಸರಿನವರಿಗೇ ಒಂದೇ ಬಾಗಿಲು ಸಾಲದೆ ಹೋಯಿತು.

ಗೂಗಲ್ ಸಂಸ್ಥೆ 2015ರಲ್ಲಿ ತನ್ನ ಗೂಗಲ್ ಪ್ಲಸ್ ಸೇವೆಯ ಲೆಕ್ಕವನ್ನು ಪ್ರಕಟಿಸಿತು. ಮೊಬೈಲಿನಲ್ಲಿ ಬಂದವರಿಗೆ ಆ್ಯಪ್ ಹಾಕಿಕೊಳ್ಳಿರೆಂದು ಇಡೀ ಪರದೆ ತುಂಬ ತೋರಿಸಿದಾಗ ಗುಂಡಿ ಒತ್ತಿದವರು ಶೇ. 9, ಪುಟ ಬಿಟ್ಟು ಹೋದವರು ಶೇ. 69. ಆ ಪರದೆಯನ್ನು ತೆಗೆದ ಮೇಲೆ ಮೊಬೈಲ್ ತಾಣದ ಬಳಕೆದಾರರು ಶೇ. 17 ಹೆಚ್ಚಿದರು. ಐಫೋನುಗಳಲ್ಲಿ ಆ್ಯಪ್ ಹಾಕಿಕೊಳ್ಳುವುದು ಇಳಿದದ್ದು ಶೇ. 2 ಮಾತ್ರ. ಇದು ಜಾಹೀರಾತಿನ ಲೆಕ್ಕವಲ್ಲವಾದರೂ ಗಿರಾಕಿಯ ಮನಸ್ಸನ್ನು ತಿಳಿಯಲು ಸಾಕು.

ಹಾಗಾದರೆ ನೇರ ದಾರಿ ಎಂದೂ ಬೇಡವೇ? ಹಾಗಲ್ಲ. ಸಂಘವನ್ನು ಬಲ್ಲವರಿಗೆ, ತಿಂಗಳು ತಿಂಗಳೂ ಪುಡಿ ತರಿಸುವವರಿಗೆ, ದಿನದ ಧಾರಣೆ ನೋಡುವ ಸದಸ್ಯರಿಗೆ ನೇರವಾಗಿ ಆ್ಯಪ್ ಅಂಗಡಿಯೇ ಅನುಕೂಲ. ನಡುವೆ ಇನ್ನೊಂದು ಪುಟವಿಟ್ಟರೆ ಅದೇ ಅಡ್ಡಿ. ಆ್ಯಪ್ ಆಗಲೇ ಇರುವ ಫೋನಿನಲ್ಲಿ ಜಾಹೀರಾತು ಆ್ಯಪನ್ನೇ ತೆರೆಯುವಂತೆ ಕೊಂಡಿ ಮಾಡಿಸಬೇಕು. ಆದರೆ ನಮ್ಮ ಹೆಸರನ್ನೇ ಕೇಳದ ಮೈಸೂರು, ಬೆಂಗಳೂರಿನ ಗೃಹಿಣಿಗೆ ಮೊದಲು ಕನ್ನಡದಲ್ಲಿ ಒಂದು ಹಗುರ ಪುಟ ಬೇಕು. ಕಾಫಿ ಯಾವ ತೋಟದ್ದು, ಚಿಕೋರಿ ಎಷ್ಟು, ಬೆಲೆ ಏನು, ಅಂಚೆ ವೆಚ್ಚ ಎಷ್ಟು, ಸಂಘದ ಫೋನ್ ಯಾವುದು – ಇಷ್ಟು ಅಲ್ಲಿರಲಿ. ಅಪರಿಚಿತ ಆ್ಯಪಿಗೆ ಹೆದರುವವರು, ಫೋನಿನಲ್ಲಿ ಜಾಗವಿಲ್ಲದವರು ಅಲ್ಲಿಂದಲೇ ವಾಟ್ಸಾಪಿನಲ್ಲಿ ಬೇಡಿಕೆ ಕಳುಹಿಸಬಹುದು. ಆ್ಯಪಿನ ಕೊಂಡಿ ಪುಟದ ಕೆಳಗಿದ್ದರೆ ಸಾಕು.

ಕೊನೆಯದಾಗಿ, ಯಾರ ಮಾತನ್ನೂ ನಂಬಿ ಹಣ ಕಟ್ಟುವುದು ಬೇಡ. ಹೊಸ ಗೊಬ್ಬರವನ್ನು ತೋಟದ ಎರಡು ಪಟ್ಟೆಗಳಲ್ಲಿ ನೋಡುವಂತೆ, ಒಂದೇ ಜಾಹೀರಾತನ್ನು, ಒಂದೇ ಮೊತ್ತಕ್ಕೆ, ಒಂದು ತಿಂಗಳ ಕಾಲ ಎರಡು ದಾರಿಗೂ ಹಚ್ಚಿ ನೋಡಬೇಕು. ಚೀಲಕ್ಕೆ ಗುರುತು ಹಾಕುವಂತೆ ಕೊಂಡಿಗೂ ಗುರುತು ಹಾಕಬಹುದಾದ್ದರಿಂದ ಯಾರು ಯಾವ ದಾರಿಯಲ್ಲಿ ಬಂದರೆಂದು ತಿಳಿಯುತ್ತದೆ. ಎಷ್ಟು ಜನ ಆ್ಯಪ್ ಇಳಿಸಿಕೊಂಡರೆಂಬುದನ್ನು ಎಣಿಸಿ ಹಿಗ್ಗುವುದು ಬೇಡ. ಎರಡನೆಯ ಸಲ ಪುಡಿ ತರಿಸಿದವರೆಷ್ಟು, ಅಂತಹ ಒಬ್ಬೊಬ್ಬರಿಗೆ ತಗುಲಿದ ಖರ್ಚೆಷ್ಟು ಎಂಬುದನ್ನು ಎಣಿಸೋಣ. ಆ ಲೆಕ್ಕ ಕೈಗೆ ಬಂದ ಮೇಲೆಯೇ ದೊಡ್ಡ ಮೊತ್ತಕ್ಕೆ ಒಪ್ಪಿಗೆ ಕೊಡುವುದು ಲೇಸೆಂಬುದು ನಮ್ಮ ಅಭಿಪ್ರಾಯ.