ಯುಗಾದಿಗೂ ರಂಜಾನ್‌ಗೂ ಒಂದೇ ಚಂದ್ರ

2025ರ ಮಾರ್ಚ್ 30, ಯುಗಾದಿಯ ಸಂಜೆ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಯುಗಾದಿಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ನಮಸ್ಕರಿಸುವ ರೂಢಿಯುಂಟು. ಅಂದು ಅದೇ ಚಂದ್ರನಿಗಾಗಿ ಮುಸ್ಲಿಂ ಬಾಂಧವರೂ ಪಡುವಣ ದಿಕ್ಕನ್ನು ನೋಡುತ್ತಿದ್ದರು. ಒಂದು ತಿಂಗಳ ಉಪವಾಸ ಮುಗಿಯುವುದು ಆ ಗೆರೆಯಂಥ ಚಂದ್ರ ಕಂಡಾಗಲೇ. ಮರುದಿನವೇ ಈದ್-ಉಲ್-ಫಿತ್ರ್, ನಾವೆಲ್ಲ ರೂಢಿಯಲ್ಲಿ ಹೇಳುವ ರಂಜಾನ್ ಹಬ್ಬ.

ಅಮಾವಾಸ್ಯೆ 29ರಂದೇ ಮುಗಿಯಿತಲ್ಲ, ಅಂದೇ ಚಂದ್ರ ಏಕೆ ಕಾಣಲಿಲ್ಲ? ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ ಇದು. ಸೂರ್ಯ, ಚಂದ್ರ ಒಂದೇ ದಿಕ್ಕಿಗೆ ಬಂದದ್ದು ಆ ದಿನ ಸಂಜೆ ಸುಮಾರು ನಾಲ್ಕೂವರೆಗೆ. ಸೂರ್ಯಾಸ್ತದ ವೇಳೆಗೆ ಚಂದ್ರನ ವಯಸ್ಸು ಎರಡೇ ಗಂಟೆ. ಮರುದಿನ ಸಂಜೆಗೆ 26 ಗಂಟೆ. ಅಷ್ಟರಲ್ಲಿ ಚಂದ್ರ ಸೂರ್ಯನಿಂದ ಪೂರ್ವಕ್ಕೆ ಸರಿದು, ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಆಕಾಶದಲ್ಲಿ ಉಳಿದಿರುತ್ತಾನೆ.

ಎರಡೂ ಹಬ್ಬಗಳಿಗೆ ಚಂದ್ರನೇ ಆಧಾರವಾದರೂ ಪ್ರತಿ ವರ್ಷ ಹೀಗೆ ಕೂಡಿ ಬರುವುದಿಲ್ಲ. ಚಾಂದ್ರಮಾಸ ಸುಮಾರು 29.5 ದಿನ, ಹನ್ನೆರಡು ಮಾಸಕ್ಕೆ 354. ಸೌರವರ್ಷಕ್ಕಿಂತ 11 ದಿನ ಕಡಿಮೆ. ನಮ್ಮ ಪಂಚಾಂಗ ಈ ಕೊರತೆಯನ್ನು ಅಧಿಕಮಾಸದಿಂದ ತುಂಬಿಕೊಳ್ಳುತ್ತದೆ, ಹಿಜರಿ ವರ್ಷ ತುಂಬಿಕೊಳ್ಳುವುದಿಲ್ಲ. ಆದ್ದರಿಂದ ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2000ದಲ್ಲಿ ಈ ಹಬ್ಬ ಜನವರಿಯಲ್ಲೂ ಡಿಸೆಂಬರ್‌ನಲ್ಲೂ ಬಂದಿತ್ತು, 2033ರಲ್ಲಿ ಮತ್ತೆ ಹಾಗೆಯೇ ಬರಲಿದೆ. 2019ರಲ್ಲಿ ಉಪವಾಸ ಮೇ ತಿಂಗಳಲ್ಲಿ ಬಿತ್ತು. ಜಗಳೂರಿನ ಬೇಸಿಗೆ ಕಂಡವರಿಗೆ, ಹಗಲೆಲ್ಲ ಹನಿ ನೀರಿಲ್ಲದಿರುವುದು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಹಸಿವಿನ ಅರಿವು ಹಬ್ಬದ ಬೆಳಿಗ್ಗೆ ದಾನದ ರೂಪ ತಾಳುತ್ತದೆ. ಈದ್ ನಮಾಜಿಗೆ ಮೊದಲೇ ಫಿತ್ರಾ ಕೊಡಬೇಕು. ಮನೆಯ ಎಳೆಗೂಸನ್ನೂ ಲೆಕ್ಕಕ್ಕೆ ಹಿಡಿದು, ತಲೆಗಿಷ್ಟೆಂದು ಧಾನ್ಯ ಅಥವಾ ಅದರ ಬೆಲೆ ಬಡವರಿಗೆ ಸಲ್ಲಬೇಕು. ಅಂದು ಯಾರ ಮನೆಯ ಒಲೆಯೂ ತಣ್ಣಗಿರಬಾರದು.

2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ಕ್ಕೇ ಶುರು. ತಾಯಿಯೊಬ್ಬರು ಬಂದು, "ಸರ್, ಮಗಳಿಗೆ ರೋಜಾ ಬಿಡಿಸಲೇ?" ಎಂದರು. ಚಿಕ್ಕ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ. ಕಾಯಿಲೆಯವರಿಗೆ, ಪ್ರಯಾಣಿಕರಿಗೆ ವಿನಾಯಿತಿಯುಂಟು. ಪರೀಕ್ಷೆಯ ಮಾತು ಮನೆಯವರಿಗೂ ಧರ್ಮ ಬಲ್ಲವರಿಗೂ ಬಿಟ್ಟದ್ದು, ಮೇಷ್ಟ್ರು ತೀರ್ಪು ಕೊಡಬಾರದು. "ಸಹರಿಯಲ್ಲಿ ಚೆನ್ನಾಗಿ ನೀರು ಕುಡಿಸಿ, ಕಷ್ಟದ ಪಾಠ ಆಗಲೇ ಓದಿಸಿ, ಮಧ್ಯಾಹ್ನ ಮಲಗಲು ಬಿಡಿ. ತಲೆ ಸುತ್ತಿದರೆ ಮಾತ್ರ ಹಟ ಬೇಡ" ಎಂದಷ್ಟೇ ಹೇಳಿದೆ. ಹುಡುಗಿ ರೋಜಾ ಬಿಡಲಿಲ್ಲ.

ಹಬ್ಬದ ದಿನ ಡಬ್ಬಿಯಲ್ಲಿ ಸುರಕುಂಬಾ ತಂದಳು, ಜೊತೆಗೆ ನಿಮ್ನ ದರ್ಪಣದ ಬಗ್ಗೆ ಒಂದು ಸಂಶಯವನ್ನೂ.